ರಸ್ತೆ ನೋಡಿ ಬದಲಾಗುವ ಸಿಗ್ನಲ್

[ದೃಶ್ಯ: ದಾವಣಗೆರೆ, ಗಾಂಧಿ ಸರ್ಕಲ್, ಬೆಳಗಿನ ಹತ್ತು ಗಂಟೆ]

ನಮಸ್ಕಾರ. ಪಿ.ಬಿ. ರಸ್ತೆಯ ಕೆಂಪು ದೀಪದ ಮುಂದೆ ಬೈಕು, ಆಟೊ, ಬಸ್ಸುಗಳು ಸಾಲುಗಟ್ಟಿವೆ, ಹಸಿರು ಬಿದ್ದಿರುವ ಅಡ್ಡರಸ್ತೆಯಲ್ಲಿ ಒಂದು ವಾಹನವೂ ಇಲ್ಲ ಎಂದಿಟ್ಟುಕೊಳ್ಳಿ. ಸಮಯ ನಿಗದಿ ಮಾಡಿದ ಸಿಗ್ನಲ್ಲಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಮೊದಲೇ ತುಂಬಿಟ್ಟ ಸೆಕೆಂಡುಗಳನ್ನು ಎಣಿಸುವುದಷ್ಟೇ ಅದಕ್ಕೆ ಗೊತ್ತು.

ಇದಕ್ಕೆ ಪರಿಹಾರ ಹುಡುಕುವ ಕೆಲಸ ಹಳೆಯದು. ಸಿಡ್ನಿಯ ಸ್ಕ್ಯಾಟ್ಸ್ ಮತ್ತು ಬ್ರಿಟನ್ನಿನ ಸ್ಕೂಟ್ ವ್ಯವಸ್ಥೆಗಳು 1970ರ ದಶಕದಲ್ಲಿಯೇ ರೂಪುಗೊಂಡವು. ರಸ್ತೆಯಡಿ ಹೂತ ತಂತಿಯ ಸುರುಳಿಯ ಮೇಲೆ ವಾಹನ ಬಂದರೆ ಅದರ ಲೋಹದಿಂದ ಸುರುಳಿಯ ವಿದ್ಯುತ್ ಗುಣ ಬದಲಾಗುತ್ತದೆ. ಆ ಸುಳಿವು ಹಿಡಿದು ಕಂಪ್ಯೂಟರ್ ಹಸಿರಿನ ಅವಧಿಯನ್ನು ಹೊಂದಿಸುತ್ತದೆ. ಲೇನ್ ಪಾಲಿಸದ ನಮ್ಮ ಸಂಚಾರಕ್ಕೆಂದೇ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಕಾಸಿಕಾಸ್ಟ್ ಎಂಬ ವ್ಯವಸ್ಥೆ ರೂಪಿಸಿದೆ.

[ದೃಶ್ಯ: ಎರಡು ಸಿಗ್ನಲ್‌ಗಳ ರೇಖಾಚಿತ್ರ]

ನನಗೆ ಬಹಳ ಹಿಡಿಸಿದ್ದು ಸಂಶೋಧಕ ಕಾರ್ಲೋಸ್ ಗರ್ಶೆನ್ಸನ್ 2005ರಲ್ಲಿ ಪ್ರಕಟಿಸಿದ ವಿಧಾನ. ಅದರಲ್ಲಿ ಕೇಂದ್ರ ಕಂಪ್ಯೂಟರ್ ಬೇಕಾಗಿಲ್ಲ, ಪ್ರತಿ ಸಿಗ್ನಲ್ ತನ್ನ ಲೆಕ್ಕವನ್ನು ತಾನೇ ಇಡುತ್ತದೆ. ಕೆಂಪಿನತ್ತ ಬರುತ್ತಿರುವ ಮತ್ತು ಅಲ್ಲಿ ನಿಂತ ವಾಹನಗಳನ್ನು ಪ್ರತಿ ಸೆಕೆಂಡಿಗೂ ಎಣಿಸಿ ಕೂಡುತ್ತಾ ಹೋಗುತ್ತದೆ. ಮೊತ್ತ ಗೊತ್ತುಪಡಿಸಿದ ಮಿತಿ ಮುಟ್ಟಿದರೆ ಅತ್ತ ಹಸಿರು. ಮಿತಿ 40 ಎಂದುಕೊಳ್ಳಿ. ಎರಡು ಬೈಕುಗಳು 20 ಸೆಕೆಂಡು ಕಾಯಬೇಕು, ಹತ್ತು ವಾಹನಗಳ ಗುಂಪು ನಾಲ್ಕೇ ಸೆಕೆಂಡು. ಕಾಯುವಷ್ಟರಲ್ಲಿ ಹಿಂದಿನಿಂದ ಬಂದವರು ಆ ಬೈಕುಗಳಿಗೆ ಸೇರಿಕೊಳ್ಳುತ್ತಾರೆ, ದೊಡ್ಡದಾದ ಗುಂಪಿಗೆ ಮುಂದಿನ ಸಿಗ್ನಲ್ ಬೇಗ ದಾರಿ ಬಿಡುತ್ತದೆ. ಹೀಗೆ ಯಾರೂ ಹೇಳಿಕೊಡದೆಯೇ ಸಿಗ್ನಲ್ಲುಗಳ ನಡುವೆ ಹೊಂದಾಣಿಕೆ ಮೂಡುತ್ತದೆ! ದಾಟುತ್ತಿರುವ ಗುಂಪನ್ನು ನಡುವೆ ತುಂಡರಿಸಬಾರದು, ಮುಂದಿನ ರಸ್ತೆ ಕಟ್ಟಿಕೊಂಡಿದ್ದರೆ ಅತ್ತ ಹಸಿರು ಕೊಡಬಾರದು ಎಂಬ ನಿಯಮಗಳೂ ಇದರ ಜೊತೆಗೆ ಬೇಕಾಗುತ್ತವೆ.

ಸಿಗ್ನಲ್ಲುಗಳೇ ತೀರ್ಮಾನಿಸುವ ಇಂಥದೇ ಇನ್ನೊಂದು ವ್ಯವಸ್ಥೆ, ಸರ್‌ಟ್ರ್ಯಾಕ್, 2012ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಒಂಬತ್ತು ಜಂಕ್ಷನ್‌ಗಳಲ್ಲಿ ಜಾರಿಯಾಯಿತು. ಪ್ರಯಾಣದ ಸಮಯ ಸುಮಾರು ಶೇ. 25ರಷ್ಟು, ಕಾಯುವ ಸಮಯ ಶೇ. 40ರಷ್ಟು ತಗ್ಗಿತು.

[ದೃಶ್ಯ: ತರಕಾರಿ ಚೀಲ ಹಿಡಿದ ಅಜ್ಜಿ ರಸ್ತೆಯಂಚಿನಲ್ಲಿ]

ವಾಹನಗಳನ್ನಷ್ಟೇ ಎಣಿಸುವ ಸಿಗ್ನಲ್ಲಿಗೆ ಈ ಅಜ್ಜಿ ಲೆಕ್ಕಕ್ಕೇ ಸಿಗುವುದಿಲ್ಲ ಎಂಬುದು ನನ್ನ ದೊಡ್ಡ ಆತಂಕ. ಸೆಕೆಂಡಿಗೆ 0.8 ಮೀಟರ್ ನಡೆಯುವ ಅವರಿಗೆ 12 ಮೀಟರ್ ಅಗಲದ ರಸ್ತೆ ದಾಟಲು 15 ಸೆಕೆಂಡು ಬೇಕು. ನಮ್ಮ ಊರಿನ ಸರ್ಕಲ್ಲುಗಳಿಗೆ ಈ ತಂತ್ರಜ್ಞಾನ ತರುವವರು ಆ 15 ಸೆಕೆಂಡನ್ನು ಮೊದಲು ತೆಗೆದಿಟ್ಟು, ಬೈಕು–ಬಸ್ಸುಗಳ ಲೆಕ್ಕವನ್ನು ಆಮೇಲೆ ಶುರುಮಾಡಲಿ.