ರೀಸ್ಟಾರ್ಟ್ ಮಾಡೋ ಮುಂಚೆ ಮಧ್ಯದಲ್ಲಿ ಯಾರಿದ್ದಾರೆ ಕೇಳಿ

ಎಲ್ಲರಿಗೂ ನಮಸ್ಕಾರ. ಊಟ ಆದ್ಮೇಲಿನ ಸೆಷನ್ನು, ಅದರಲ್ಲೂ ಟಿಸಿಪಿ, ಅಂದ್ರೆ ಎರಡು ಕಂಪ್ಯೂಟರ್ ಕನೆಕ್ಷನ್ ಮಾಡಿಕೊಂಡು ಮಾತಾಡೋ ನಿಯಮ. ನಿದ್ದೆ ಬಂದ್ರೆ ನಾನೇನೂ ಅಂದ್ಕೊಳಲ್ಲ, ಗೊರಕೆ ಮಾತ್ರ ಸ್ವಲ್ಪ ಮೆಲ್ಲಗೆ ಇರ್ಲಿ. ಬೇರೆ ಥರ ಶುರು ಮಾಡ್ಬೇಕು ಅಂತಿದ್ದೆ, ಆದ್ರೆ ಬೆಳಿಗ್ಗೆ ಕಾಫಿ ಹತ್ರ ನಿಂತಾಗ ನಿಮ್ಮಲ್ಲೇ ಒಬ್ರು ಹೇಳಿದ್ರು, "ಸರ್, ನಮ್ಮಲ್ಲಿ ಕನೆಕ್ಷನ್ ಹ್ಯಾಂಗ್ ಆಗೋ ಪ್ರಾಬ್ಲಮ್ಮೇ ಇಲ್ಲ, ದಿನಾ ಬೆಳಗಿನ ಜಾವ ಕ್ರಾನ್ ಹಾಕಿ ಆ್ಯಪ್ ಸರ್ವರ್ ರೀಸ್ಟಾರ್ಟ್ ಮಾಡಿಬಿಡ್ತೀವಿ" ಅಂತ. ಕ್ರಾನ್ ಅಂದ್ರೆ ಹೇಳಿದ ಟೈಮಿಗೆ ತಾನೇ ಕೆಲಸ ಓಡಿಸೋ ಪ್ರೋಗ್ರಾಮು. ಹೇಳಿದೋರ ಹೆಸರು ಹೇಳಲ್ಲ, ಎರಡನೇ ಸಾಲಲ್ಲಿ ಕೂತು ನಗ್ತಿದ್ದಾರೆ. ಅದನ್ನ ಕೇಳಿದ್ಮೇಲೆ ಸ್ಲೈಡೆಲ್ಲ ಪಕ್ಕಕ್ಕಿಟ್ಟೆ, ಇವತ್ತು ಕೀಪ್‌ಅಲೈವ್, ಅಂದ್ರೆ ಸುಮ್ನಿರೋ ಕನೆಕ್ಷನ್ ಮೇಲೆ ಆಗಾಗ "ಇದ್ದೀಯಾ?" ಅಂತ ಕೇಳೋ ಪುಟ್ಟ ಪ್ಯಾಕೆಟ್, ಅದರ ಬಗ್ಗೆ ಮಾತ್ರ ಮಾತಾಡ್ತೀನಿ.

ಟಿಸಿಪಿ ಕನೆಕ್ಷನ್ ಒಂದು ಸಲ ಆಯ್ತು ಅಂದ್ರೆ, ಡೇಟಾ ಏನೂ ಹೋಗ್ತಿಲ್ಲ ಅಂದ್ರೆ, ಕೀಪ್‌ಅಲೈವ್ ಆನ್ ಇಲ್ದಿದ್ರೆ ವೈರ್ ಮೇಲೆ ಒಂದು ಪ್ಯಾಕೆಟ್ಟೂ ಹೋಗಲ್ಲ. ಎರಡೂ ಕಡೆ ಸುಮ್ನೆ ಮೆಮರಿಯಲ್ಲಿ ಒಂದು ಎಂಟ್ರಿ ಇಟ್ಕೊಂಡು ಕೂತಿರ್ತವೆ, ದಿನಗಟ್ಟಲೆ ಬೇಕಾದ್ರೂ. ಇದು ಬಗ್ ಅಲ್ಲ, ಹಾಗೇ ಮಾಡಿರೋದು. ಮಧ್ಯ ಯಾರೂ ಇಲ್ದಿದ್ರೆ ಇದರಿಂದ ತೊಂದರೆನೂ ಇಲ್ಲ. ಆದ್ರೆ ಈಗ ಮಧ್ಯದಲ್ಲಿ ಯಾರಿಲ್ಲ ಹೇಳಿ? ಯಾರನ್ನ ಒಳಗೆ ಬಿಡ್ಬೇಕು ಅಂತ ನೋಡೋ ಫೈರ್‌ವಾಲ್ ಇದೆ, ಐಪಿ ಅಡ್ರೆಸ್ ಬದಲಾಯಿಸಿ ಕಳಿಸೋ ನ್ಯಾಟ್ ಇದೆ, ಬಂದ ಕೆಲಸನ ಹಲವು ಸರ್ವರಿಗೆ ಹಂಚೋ ಲೋಡ್ ಬ್ಯಾಲೆನ್ಸರ್ ಇದೆ, ಇವರೆಲ್ಲರ ಹತ್ರಾನೂ ಒಂದೊಂದು ಟೇಬಲ್ ಇರುತ್ತೆ, ಆ ಟೇಬಲ್ಲಿಗೆ ಜಾಗ ಕಮ್ಮಿ, ಹಾಗಾಗಿ ಸ್ವಲ್ಪ ಹೊತ್ತು ಸುಮ್ನಿದ್ದ ಕನೆಕ್ಷನ್ನನ್ನ ಅಳಿಸಿ ಹಾಕ್ತಾರೆ, ಎಷ್ಟೋ ಸಲ ಎರಡೂ ಕಡೆಗೆ ಒಂದು ಮಾತೂ ಹೇಳದೆ. ನನ್ನ ತಕರಾರು ಇರೋದೇ ಇಲ್ಲಿ. ಅಳಿಸಲಿ ಸ್ವಾಮಿ, ಕನೆಕ್ಷನ್ ಮುಗೀತು ಅಂತ ಒಂದು ರೀಸೆಟ್ ಕಳಿಸೋಕೇನು ರೋಗ?

ಈಗ ಕಥೆ. ಇದನ್ನ ಕೇಳಿದೋರು ಇಲ್ಲಿ ಒಂದಿಬ್ಬರು ಇರ್ಬಹುದು, ಇನ್ನೊಂದ್ಸಲ ಕೇಳಿ ಪರವಾಗಿಲ್ಲ.

ಒಂದು ಆಫೀಸು, ಹೆಸರು ಬೇಡ. ಜಾವಾ ಆ್ಯಪ್ ಸರ್ವರ್ ಒಂದು ಕಡೆ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಇನ್ನೊಂದು ಕಡೆ, ಮಧ್ಯ ಫೈರ್‌ವಾಲ್. ದಿನಾ ಬೆಳಿಗ್ಗೆ ಮೊದಲು ಬಂದು ಲಾಗಿನ್ ಆದೋರ ಸ್ಕ್ರೀನ್ ಗಿರಗಿರ ತಿರುಗ್ತಾ ನಿಲ್ಲೋದು. ಸುಮಾರು ಕಾಲು ಗಂಟೆ. ಆಮೇಲೆ ಒಂದು ಎರರ್, ಮತ್ತೆ ಟ್ರೈ ಮಾಡಿದ್ರೆ ಜುಮ್ ಅಂತ ಕೆಲಸ, ಸಾಯಂಕಾಲದವರೆಗೂ ಕಂಪ್ಲೇಂಟ್ ಇಲ್ಲ. ಅಲ್ಲಿನ ಜನ ಇದಕ್ಕೆ ಎಷ್ಟು ಹೊಂದ್ಕೊಂಡಿದ್ರು ಅಂದ್ರೆ, ಬಂದ ತಕ್ಷಣ ಲಾಗಿನ್ ಒತ್ತಿ ತಿಂಡಿಗೆ ಹೋಗಿಬಿಡೋರು. ಒಬ್ಬ ಹಿರಿಯ ಮೇಡಂ ನನಗೆ, "ಅದು ಬಿಸಿ ಆಗ್ಬೇಕಲ್ಲಪ್ಪ, ಸಿಸ್ಟಮ್ಮು ಹಳೇದು" ಅಂತ ಸಮಾಧಾನ ಹೇಳಿದ್ರು. ಡೆವಲಪರ್ ಡೇಟಾಬೇಸ್ ಅಂದ, ಡೇಟಾಬೇಸ್ ನೋಡ್ಕೊಳೋ ಡಿಬಿಎ ನೆಟ್‌ವರ್ಕ್ ಅಂದ, ನೆಟ್‌ವರ್ಕ್‌ನೋರು ಪಿಂಗ್ ಮಾಡಿ ತೋರಿಸಿ "ನೋಡಿ ಹೋಗ್ತಿದೆ" ಅಂದ್ರು. ಪಿಂಗ್ ಹೋದ್ರೆ ಮುಗೀತು, ನೆಟ್‌ವರ್ಕ್‌ನೋರು ಕೈತೊಳ್ಕೊಂಡ್ರು ಅಂತ ಅರ್ಥ. ಟೆಸ್ಟ್ ಸೆಟಪ್ಪಲ್ಲಿ ಯಾವತ್ತೂ ಬರ್ತಿರ್ಲಿಲ್ಲ, ಯಾಕಂದ್ರೆ ಅಲ್ಲಿ ಫೈರ್‌ವಾಲೇ ಇಲ್ಲ.

ಒಂದಿನ ಬೆಳಿಗ್ಗೆ ಬೇಗ ಹೋಗಿ, ಯಾರೂ ಲಾಗಿನ್ ಆಗೋ ಮುಂಚೆ, ಎರಡೂ ಮಷೀನಲ್ಲಿ ಕನೆಕ್ಷನ್ ಪಟ್ಟಿ ತೋರಿಸೋ 'ಎಸ್‌ಎಸ್' ಕಮಾಂಡ್ ಹೊಡೆದು ನೋಡಿದ್ವಿ. ಆ್ಯಪ್ ಸರ್ವರಲ್ಲಿ ಪೂಲಿನ, ಅಂದ್ರೆ ಮತ್ತೆ ಮತ್ತೆ ಬಳಸೋಕೆ ತೆರೆದಿಟ್ಟ, ಕನೆಕ್ಷನ್ನೆಲ್ಲ ಎಸ್ಟಾಬ್ಲಿಷ್ಡ್, ಸಾಲಾಗಿ ಚೆಂದ ಕೂತಿದಾವೆ. ಡೇಟಾಬೇಸ್ ಕಡೆ ನೋಡಿದ್ರೆ ಒಂದೂ ಇಲ್ಲ! ಒಂದು ಕಡೆ ಮದುವೆ ಆಗಿದೆ, ಇನ್ನೊಂದು ಕಡೆ ಗೊತ್ತೇ ಇಲ್ಲ. (ನಗು) ಆಗಿದ್ದೇನಂದ್ರೆ, ಫೈರ್‌ವಾಲಿನ ಐಡಲ್ ಟೈಮ್‌ಔಟ್, ಅಂದ್ರೆ ಸುಮ್ನಿದ್ದ ಕನೆಕ್ಷನ್ನನ್ನ ಅದು ಇಟ್ಕೊಳೋ ಹೊತ್ತು, ಒಂದು ಗಂಟೆ. ರಾತ್ರಿ ಯಾರೂ ಕೆಲಸ ಮಾಡಲ್ಲ, ಗಂಟೆ ಆಗಿದ್ದೇ ಅದು ಎಂಟ್ರಿ ಅಳಿಸ್ತು. ಪೋಸ್ಟ್‌ಗ್ರೆಸ್ ತನ್ನ ಕಡೆಯಿಂದ ಕೀಪ್‌ಅಲೈವ್ ಆನ್ ಮಾಡಿಕೊಂಡೇ ಇರುತ್ತೆ, ಆದ್ರೆ ಟೈಮಿಂಗ್ ಮಾತ್ರ ಓಎಸ್‌ದು, ಅಂದ್ರೆ ಎರಡು ಗಂಟೆ. ಎರಡು ಗಂಟೆಗೆ ಪ್ರೋಬ್, ಅಂದ್ರೆ ಆ "ಇದ್ದೀಯಾ?" ಪ್ಯಾಕೆಟ್, ಕಳಿಸ್ತು, ಫೈರ್‌ವಾಲ್ ನುಂಗ್ತು, ಉತ್ತರ ಇಲ್ಲ, ಕ್ಲೋಸ್ ಮಾಡ್ಕೊಂಡ್ತು. ಈ ಕಡೆ ಡೇಟಾಬೇಸ್ ಜೊತೆ ಮಾತಾಡೋ ಜಾವಾ ಡ್ರೈವರಲ್ಲಿ ಟಿಸಿಪಿ ಕೀಪ್‌ಅಲೈವ್ ಡೀಫಾಲ್ಟ್ ಆಗಿ ಆಫ್, ಹಾಗಾಗಿ ಅದಕ್ಕೆ ಏನೂ ಗೊತ್ತಾಗ್ಲಿಲ್ಲ. ಬೆಳಿಗ್ಗೆ ಕ್ವೆರಿ ಕಳಿಸ್ತು, "ಬಂತು" ಅನ್ನೋ ಆ್ಯಕ್ ಬರ್ಲಿಲ್ಲ, ಮತ್ತೆ ಮತ್ತೆ ಕಳಿಸ್ತು. ಲಿನಕ್ಸಲ್ಲಿ ಎಷ್ಟು ಸಲ ಮತ್ತೆ ಕಳಿಸ್ಬೇಕು ಅಂತ ಹೇಳೋ ಟಿಸಿಪಿ_ರಿಟ್ರೈಸ್2 ಅನ್ನೋದು 15 ಇರುತ್ತೆ, ಪ್ರತಿ ಸಲ ಕಾಯೋ ಹೊತ್ತು ಹೆಚ್ಚಾಗ್ತಾ ಹೋಗುತ್ತೆ, ಎಲ್ಲ ಕೂಡಿಸಿದ್ರೆ ಕಮ್ಮಿ ಅಂದ್ರೂ 924 ಸೆಕೆಂಡ್ ಚಿಲ್ಲರೆ. ಹದಿನೈದು ನಿಮಿಷ! ಮೇಡಂ ಹೇಳಿದ "ಬಿಸಿ ಆಗೋ" ಟೈಮ್ ಅದೇ. ನಿಮ್ಮಲ್ಲಿ ಯಾವುದಾದ್ರೂ ಹದಿನೈದು ಹದಿನಾರು ನಿಮಿಷ ನಿಂತು ಸರಿಹೋಗ್ತಿದ್ರೆ ಮೊದಲು ಇದರ ಮೇಲೆ ಅನುಮಾನ ಪಡಿ.

ಅಲ್ಲೂ ಅಷ್ಟೇ, ಯಾರೋ ಪುಣ್ಯಾತ್ಮ ಕ್ರಾನಲ್ಲಿ ರೀಸ್ಟಾರ್ಟ್ ಹಾಕೋಣ ಅಂದಿದ್ದ. ಹಾಕಿದ್ರೆ ಬೆಳಗಿನದು ನಿಲ್ತಿತ್ತು, ಆದ್ರೆ ಹಬ್ಬದ ಮಾರನೇ ದಿನ ಅರ್ಧ ಸ್ಟಾಫ್ ರಜ, ಮಧ್ಯಾಹ್ನ ಒಂದು ಗಂಟೆ ಯಾರೂ ಮುಟ್ಲಿಲ್ಲ ಅಂದ್ರೆ ಮತ್ತೆ ಅದೇ ಹಾಡು. ರೀಸ್ಟಾರ್ಟ್ ಮಾಡೋ ಮುಂಚೆ ಮಧ್ಯದೋನ ಟೈಮ್‌ಔಟ್ ಎಷ್ಟು ಅಂತ ಕೇಳಿ ಸ್ವಾಮಿ, ಒಂದು ಮೇಲ್ ಹಾಕೋಕೆ ಎಷ್ಟೊತ್ತು.

ಈ ಎರಡು ಗಂಟೆ ಎಲ್ಲಿಂದ ಬಂತು ಅಂತೀರಾ? 1989ರ ಅಕ್ಟೋಬರ್, ಆರ್‌ಎಫ್‌ಸಿ 1122, ಅಂದ್ರೆ ಇಂಟರ್ನೆಟ್ ನಿಯಮ ಬರೆದಿಟ್ಟ ದಾಖಲೆ. ಕೀಪ್‌ಅಲೈವ್ ಬೇಕಾದ್ರೆ ಇಟ್ಕೊಳಿ, ಆದ್ರೆ ಡೀಫಾಲ್ಟ್ ಆಫ್ ಇರ್ಬೇಕು, ಟೈಮ್ ಬದಲಾಯಿಸೋ ಹಾಗಿರ್ಬೇಕು, ಡೀಫಾಲ್ಟ್ ಟೈಮ್ ಎರಡು ಗಂಟೆಗಿಂತ ಕಮ್ಮಿ ಇರ್ಬಾರ್ದು ಅಂತ. ಆಗ ಅವರಿಗೆ ಇದ್ದ ಭಯ ಬೇರೆ: ಲಿಂಕ್ ಎರಡು ನಿಮಿಷ ಹೋಗಿ ಬಂದ್ರೆ ಚೆನ್ನಾಗಿರೋ ಕನೆಕ್ಷನ್ ಸುಮ್ನೆ ಕಟ್ ಆಗುತ್ತೆ, ಬ್ಯಾಂಡ್‌ವಿಡ್ತ್ ದಂಡ, ಪ್ಯಾಕೆಟ್ ಲೆಕ್ಕದಲ್ಲಿ ದುಡ್ಡು ಕೊಡೋ ಕಡೆ ಖರ್ಚು. ಅವತ್ತಿಗೆ ನ್ಯಾಯಾನೇ. 2022ರಲ್ಲಿ ಬಂದ ಆರ್‌ಎಫ್‌ಸಿ 9293ರಲ್ಲೂ ಅದೇ ಎರಡು ಗಂಟೆ ಹಾಗೇ ಇದೆ. ಮಜಾ ಏನಂದ್ರೆ 2008ರಲ್ಲಿ ನ್ಯಾಟ್ ಮಾಡೋರಿಗೆ ಆರ್‌ಎಫ್‌ಸಿ 5382 ಅಂತ ಬರೆದು, ನೀವು ಕನೆಕ್ಷನ್ನನ್ನ ಕನಿಷ್ಠ 2 ಗಂಟೆ 4 ನಿಮಿಷ ಇಟ್ಕೊಳಿ ಅಂದ್ರು. ಎರಡು ಗಂಟೆ ಕೀಪ್‌ಅಲೈವಿಗೆ, ಮೇಲೆ ನಾಲ್ಕು ನಿಮಿಷ ದಯೆ. ಯಾರು ಪಾಲಿಸ್ತಾರೆ? ಮೈಕ್ರೋಸಾಫ್ಟ್ ಕ್ಲೌಡ್ ಅಜೂರಿನ ಲೋಡ್ ಬ್ಯಾಲೆನ್ಸರ್ ಡೀಫಾಲ್ಟ್ 4 ನಿಮಿಷ, ಎರಡು ಗಂಟೆ ಬಿಟ್ಟು ಬರೀ ಆ ನಾಲ್ಕನ್ನ ಮಾತ್ರ ಇಟ್ಕೊಂಡಿದ್ದಾರೆ! ಅಮೆಜಾನಿನ ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್ ಡೀಫಾಲ್ಟ್ 350 ಸೆಕೆಂಡ್.

ಸೆಟ್ಟಿಂಗ್‌ಗೆ ಬರೋಣ, ಟೈಮ್ ನೋಡ್ತಿದ್ದಾರೆ. ಲಿನಕ್ಸಲ್ಲಿ ಮೂರು ನಾಬ್. ಟಿಸಿಪಿ_ಕೀಪ್‌ಅಲೈವ್_ಟೈಮ್ 7200, ಇಷ್ಟು ಸೆಕೆಂಡ್ ಸುಮ್ನಿದ್ದ ಮೇಲೆ ಮೊದಲ ಪ್ರೋಬ್. ಇಂಟ್ವಲ್ ಅಂತ ಇನ್ನೊಂದು, 75, ಉತ್ತರ ಬರ್ದಿದ್ರೆ ಇಷ್ಟಕ್ಕೊಂದು ಸಲ. ಪ್ರೋಬ್ಸ್ 9, ಅಷ್ಟು ಸಲ ನೋಡಿ ಕೈಬಿಡೋದು. ಕೂಡಿಸಿ, 7875 ಸೆಕೆಂಡ್, 2 ಗಂಟೆ 11 ನಿಮಿಷ 15 ಸೆಕೆಂಡ್. ಅಲ್ಲೀವರೆಗೂ ಸತ್ತ ಕ್ಲೈಂಟು ನಿಮ್ಮ ಸರ್ವರಲ್ಲಿ ಬದುಕಿರ್ತಾನೆ, ತೀರಿಕೊಂಡೋರ ಹೆಸರು ರೇಷನ್ ಕಾರ್ಡಲ್ಲಿ ಹಾಗೇ ಇರೋ ಥರ. ಪೋಸ್ಟ್‌ಗ್ರೆಸಲ್ಲಿ ಡೀಫಾಲ್ಟ್ ಮ್ಯಾಕ್ಸ್ ಕನೆಕ್ಷನ್ನೇ 100, ಇಂಥೋರೇ ತುಂಬಿಕೊಂಡ್ರೆ ಬದುಕಿರೋರಿಗೆ ಸೀಟಿಲ್ಲ.

ಎಲ್ಲರೂ ಎಡವೋ ಜಾಗ ಇದು, ಸ್ವಲ್ಪ ಎದ್ದು ಕೂತ್ಕೊಳಿ. ಕರ್ನಲ್, ಅಂದ್ರೆ ಓಎಸಿನ ತಿರುಳು, ಅದರ ಸೆಟ್ಟಿಂಗ್ ಇರೋ ಸಿಸ್‌ಸಿಟಿಎಲ್ ಫೈಲಲ್ಲಿ 7200 ತೆಗೆದು 120 ಬರೆದ ಮಾತ್ರಕ್ಕೆ ಕೀಪ್‌ಅಲೈವ್ ಆನ್ ಆಗಲ್ಲ. ಅದು ಬರೀ ಟೈಮು. ಆನ್ ಮಾಡ್ಬೇಕಾದ್ದು ಪ್ರೋಗ್ರಾಮು, ಸಾಕೆಟ್ ಮೇಲೆ, ಅಂದ್ರೆ ಕನೆಕ್ಷನ್ನಿನ ತನ್ನ ತುದಿ ಮೇಲೆ, ಎಸ್‌ಓ_ಕೀಪ್‌ಅಲೈವ್ ಅನ್ನೋ ಆಯ್ಕೆ ಹಾಕಿ. ಅದು ಹಾಕಿಲ್ಲ ಅಂದ್ರೆ ನೀವು ಫೈಲಲ್ಲಿ ಏನು ಬರೆದ್ರೂ ಕರ್ನಲ್ ತಿರುಗಿ ನೋಡಲ್ಲ. ಹಾಕಿದಾರೋ ಇಲ್ವೋ ಅಂತ ನೋಡೋಕೆ 'ಎಸ್‌ಎಸ್ ಮೈನಸ್ ಟಿಎನ್‌ಓ' ಹೊಡೀರಿ, ಸುಮ್ನಿರೋ ಕನೆಕ್ಷನ್ ಲೈನಿನ ಕೊನೆಗೆ ಟೈಮರ್, ಕೀಪ್‌ಅಲೈವ್, ಇಷ್ಟು ನಿಮಿಷ ಬಾಕಿ ಅಂತ ಬರುತ್ತೆ. ಬರ್ಲಿಲ್ಲ ಅಂದ್ರೆ ಆಫ್. ಆ ಆಫೀಸಲ್ಲಿ ನಾವು ಮಾಡಿದ್ದೂ ಅಷ್ಟೇ, ಡ್ರೈವರಲ್ಲಿ ಆನ್ ಮಾಡಿ, ಓಎಸಲ್ಲಿ ಟೈಮ್ 600ಕ್ಕೆ ಇಳಿಸಿದ್ವಿ, ತಿಂಡಿಗೆ ಹೋಗೋಕೆ ಅವರಿಗೆ ನೆಪ ಹೋಯ್ತು.

ಎಷ್ಟು ಇಡೋದು ಅಂತ ಎಲ್ಲರೂ ಕೇಳೋದು. ಮತ್ತೆ ಅದೇ ಮಾತು, ಮಧ್ಯದೋನನ್ನ ಕೇಳಿ. ದಾರಿಯಲ್ಲಿ ಎಲ್ಲಕ್ಕಿಂತ ಕಮ್ಮಿ ಟೈಮ್‌ಔಟ್ ಯಾರದೋ, ಅದಕ್ಕಿಂತ ಕಮ್ಮಿ ಇಡಿ. ರೆಡಿಸ್ ಅನ್ನೋ ಡೇಟಾಬೇಸ್ ಡೀಫಾಲ್ಟ್ 300 ಸೆಕೆಂಡ್ ಇಟ್ಟಿದೆ, ಅಮೆಜಾನಿನ 350ರ ಒಳಗೆ ನಡೆಯುತ್ತೆ, ಅದನ್ನೇ ಅಜೂರಿನ 240 ಸೆಕೆಂಡ್ ಹಿಂದೆ ಇಟ್ರೆ ಮಕಾಡೆ. ಗೋ ಭಾಷೆಯೋರು 15 ಸೆಕೆಂಡ್ ಇಟ್ಕೊಂಡಿದ್ದಾರೆ, ಸರ್ವರಿಗೆ ಓಕೆ, ಮೊಬೈಲ್ ಆ್ಯಪಿಗೆ ಅದನ್ನ ಹಾಕಿದ್ರೆ ಬ್ಯಾಟರಿ ಏನಾಗುತ್ತೆ ನೀವೇ ನೋಡ್ಕೊಳಿ.

ಐದು ನಿಮಿಷ ಅಂತ ಕೈ ತೋರಿಸ್ತಿದ್ದಾರೆ. ಪ್ರೋಬ್ ಪ್ಯಾಕೆಟ್ ಒಳಗೆ ಏನಿರುತ್ತೆ ಅಂತ ಪ್ಯಾಕೆಟ್ ಹಿಡಿಯೋ ಟಿಸಿಪಿಡಂಪ್ ಕಮಾಂಡಲ್ಲಿ ತೋರಿಸೋದಿತ್ತು, ಬಿಡಿ. ಹಳೇ ಸೀಕ್ವೆನ್ಸ್ ನಂಬರ್, ಅಂದ್ರೆ ಡೇಟಾದ ಕ್ರಮಸಂಖ್ಯೆ, ಒಂದು ಕಮ್ಮಿ, ಹಾಕಿ ಕಳಿಸ್ತಾರೆ, ಆ ಕಡೆಯೋನು "ಇದು ಆಗ್ಲೇ ಬಂದಿದೆಯಲ್ಲಯ್ಯ" ಅಂತ ಆ್ಯಕ್ ಕಳಿಸ್ತಾನೆ, ನಮಗೆ ಬೇಕಾದ್ದೂ ಅದೇ. ರೀಬೂಟ್ ಆಗಿದ್ರೆ ರೀಸೆಟ್ ಬರುತ್ತೆ.

ಎಚ್‌ಟಿಟಿಪಿ ಕೀಪ್‌ಅಲೈವ್, ಅಂದ್ರೆ ಒಂದೇ ಕನೆಕ್ಷನ್ನಲ್ಲಿ ಹಲವು ವೆಬ್ ರಿಕ್ವೆಸ್ಟ್ ಕಳಿಸೋದು, ಅದು ಬೇರೆ, ಇದು ಬೇರೆ. ಎಂಜಿನ್‌ಎಕ್ಸ್ ವೆಬ್ ಸರ್ವರಲ್ಲಿ ಕೀಪ್‌ಅಲೈವ್_ಟೈಮ್‌ಔಟ್ 75 ಅಂತ ನೋಡಿ ಇದೇ ಅಂದ್ಕೋಬೇಡಿ, ಟಿಸಿಪಿದು ಬೇಕಂದ್ರೆ ಲಿಸನ್ ಲೈನಲ್ಲಿ ಎಸ್‌ಓ_ಕೀಪ್‌ಅಲೈವ್ ಹಾಕ್ಬೇಕು.

ಡಾಕರ್ ಕಂಟೇನರಲ್ಲಿ ಪ್ರೋಗ್ರಾಮ್ ಓಡಿಸೋರಿಗೆ ಒಂದೇ ಮಾತು, ಈ ಮೂರು ನಾಬ್ ನೆಟ್‌ವರ್ಕ್ ನೇಮ್‌ಸ್ಪೇಸಿಗೆ, ಅಂದ್ರೆ ಕಂಟೇನರಿನ ಬೇರೆ ನೆಟ್‌ವರ್ಕ್ ಜಾಗಕ್ಕೆ, ಸೇರಿದ್ದು, ಹೋಸ್ಟಲ್ಲಿ ಬದಲಾಯಿಸಿ ಕಂಟೇನರಲ್ಲೂ ಬದಲಾಯ್ತು ಅಂತ ನಂಬ್ಕೊಂಡು ಮನೆಗೆ ಹೋಗ್ಬೇಡಿ, ಒಳಗೆ ಹೋಗಿ ನೋಡಿ. ಇನ್ನೊಂದು ಮುಖ್ಯವಾದ್ದು, ಡೇಟಾ ಕಳಿಸಿ ಆ್ಯಕ್‌ಗೆ ಕಾಯ್ತಿರೋವಾಗ ಕೀಪ್‌ಅಲೈವ್ ಕೆಲಸಕ್ಕೆ ಬರಲ್ಲ, ಆಗ ನಡೆಯೋದು ಆ ಹದಿನೈದು ನಿಮಿಷದ ರಿಟ್ರೈ ಲೆಕ್ಕಾನೇ, ಅದಕ್ಕೆ ಟಿಸಿಪಿ_ಯೂಸರ್_ಟೈಮ್‌ಔಟ್ ಅಂತ ಬೇರೆ ಸೆಟ್ಟಿಂಗ್ ಇದೆ, ಅದನ್ನ ಹೇಳೋಕೇ ಅರ್ಧ ಗಂಟೆ ಬೇಕಿತ್ತು, ಟೈಮಿಲ್ಲ. ದೂರದ ಸರ್ವರಿಗೆ ಲಾಗಿನ್ ಆಗೋ ಎಸ್‌ಎಸ್‌ಎಚ್ ಫ್ರೀಜ್ ಆಗೋರು ಸರ್ವರ್‌ಅಲೈವ್‌ಇಂಟರ್ವಲ್ 60 ಹಾಕ್ಕೊಳಿ, ಸದ್ಯಕ್ಕೆ ಸಾಕು.

ಆಯ್ತು, ಆಯ್ತು, ಮೈಕ್ ಕೊಡ್ತೀನಿ. ಎರಡನೇ ಸಾಲಿನ ಸರ್, ನೀವು ಓಡಿಹೋಗ್ಬೇಡಿ, ಲ್ಯಾಪ್‌ಟಾಪ್ ತಂದಿದ್ರೆ ಹೊರಗಡೆ ಕೂತು ನಿಮ್ಮ ಕ್ರಾನ್ ತೆಗೆಯೋಣ, ಆದ್ರೆ ಮೊದಲು ನಿಮ್ಮ ಫೈರ್‌ವಾಲ್ ಟೀಮಿಗೆ ಫೋನ್ ಹಾಕಿ ಟೈಮ್‌ಔಟ್ ಎಷ್ಟು ಅಂತ ಕೇಳಿಟ್ಕೊಳಿ.