ಸಾರಾ ಸುತ್ತಿಗೆ ಇಳಿಸಿದ ಗಳಿಗೆ: ಟರ್ಮಿನೇಟರ್ ಅಭಿಮಾನಿಗಳ ಜಗಳ ಕುರಿತು ಒಂದು ಉಪನ್ಯಾಸ

ಎಲ್ಲರಿಗೂ ನಮಸ್ಕಾರ.

ನಿನ್ನೆ ರಾತ್ರಿ ಇದೇ ಹಾಲಿನ ಮೆಟ್ಟಿಲ ಮೇಲೆ ನಡೆದ ಜಗಳ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಅರ್ಧ ಜನ ಅದರಲ್ಲಿ ಇದ್ದವರೇ. ಮೊನ್ನೆ 'ಟರ್ಮಿನೇಟರ್ 2' ಚಿತ್ರದ 1991ರ ಆವೃತ್ತಿ ತೋರಿಸಿದೆವು. ನಿನ್ನೆ ಅದರದೇ ಉದ್ದದ ಆವೃತ್ತಿ. ಒಂದೇ ಸಿನಿಮಾ, ಸುಮಾರು ಕಾಲು ಗಂಟೆ ವ್ಯತ್ಯಾಸ. ಉದ್ದದ ಆವೃತ್ತಿಯಲ್ಲಿ ಮಾತ್ರ ಇರುವ, ಯಂತ್ರದ ತಲೆಯಿಂದ ಚಿಪ್ಪು ತೆಗೆಯುವ ದೃಶ್ಯ ಬೇಕೋ ಬೇಡವೋ ಅನ್ನುವುದೇ ಜಗಳ. ಅಷ್ಟಕ್ಕೇ ಗೆಳೆಯರಿಬ್ಬರು ಮಾತು ಬಿಡುವ ಮಟ್ಟಕ್ಕೆ ಹೋದರು. ಇವತ್ತು ಇಬ್ಬರೂ ಬಂದಿದ್ದಾರೆ, ಬೇರೆ ಬೇರೆ ಸಾಲಿನಲ್ಲಿ ಕೂತಿದ್ದಾರೆ. ನನಗಂತೂ ಖುಷಿ. ಸಿನಿಮಾ ಮುಗಿದ ಮೇಲೂ ಮನೆಗೆ ಹೋಗದೆ ನಿಂತು ವಾದ ಮಾಡುತ್ತಾರೆ ಅಂದರೆ ಆ ಸಿನಿಮಾ ಇನ್ನೂ ಉಸಿರಾಡುತ್ತಿದೆ. ಕಾರ್ಯದರ್ಶಿಗಳು "ನಾಳೆ ನೀವೇ ಇದರ ಮೇಲೆ ಮಾತಾಡಿಬಿಡಿ" ಅಂದರು. ಒಪ್ಪಿಕೊಂಡೆ. ಕಥೆ ಪೂರ್ತಿ ಹೇಳುವುದಿಲ್ಲ, ನಿಮಗೆ ಕಂಠಪಾಠ. ಹೊಸಬರಿಗೆ ಇಷ್ಟು ಸಾಕು: ಮುಂದೊಂದು ಕಾಲದಲ್ಲಿ ಸ್ಕೈನೆಟ್ ಅನ್ನುವ ಕಂಪ್ಯೂಟರ್ ಮನುಷ್ಯರ ಮೇಲೆ ಯುದ್ಧ ಹೂಡುತ್ತದೆ. ಮನುಷ್ಯರ ನಾಯಕ ಜಾನ್, ಅವನ ತಾಯಿ ಸಾರಾ. ಅವರನ್ನು ಕೊಲ್ಲಲು ಸ್ಕೈನೆಟ್ ಮನುಷ್ಯರೂಪದ ಯಂತ್ರಗಳನ್ನು ಹಿಂದಿನ ಕಾಲಕ್ಕೆ ಕಳಿಸುತ್ತದೆ. ಎರಡನೆಯ ಚಿತ್ರದಲ್ಲಿ ಆರ್ನಾಲ್ಡ್ ಮಾಡಿದ ಯಂತ್ರ ಮಾತ್ರ ಅವರನ್ನು ಕಾಯಲು ಬರುತ್ತದೆ.

ನನ್ನ ಪಟ್ಟು ಮೊದಲೇ ಹೇಳಿಬಿಡುತ್ತೇನೆ. ವಾದಕ್ಕೆ ಸಾಕ್ಷಿ ತೆರೆಯ ಮೇಲೆ ಇರಬೇಕು. ನಿರ್ದೇಶಕರು ಸಂದರ್ಶನದಲ್ಲಿ ಹೇಳಿದ್ದು, ಕಂಪನಿ ಪ್ರಚಾರದಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಮೊದಲ ಎರಡು ಚಿತ್ರದ ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಮೇಲೆ ನನಗೆ ಅಪಾರ ಗೌರವ. ಆದರೂ ನೋಡಿ, 2015ರಲ್ಲಿ ಇದೇ ಸರಣಿಯ 'ಜೆನಿಸಿಸ್' ಬಂದಾಗ ಅದರ ಪ್ರಚಾರದ ವಿಡಿಯೋದಲ್ಲಿ ಕೂತು, ತನ್ನ ಮನಸ್ಸಿನಲ್ಲಿ ಇದೇ ಮೂರನೆಯ ಚಿತ್ರ ಅನ್ನುವಂತೆ ಮಾತಾಡಿದರು. ನಾಲ್ಕೇ ವರ್ಷ. 2019ರಲ್ಲಿ ಅವರೇ ನಿರ್ಮಾಪಕರಾಗಿ 'ಡಾರ್ಕ್ ಫೇಟ್' ಬಂತು. ಅದರಲ್ಲಿ 'ಜೆನಿಸಿಸ್' ನಡೆದೇ ಇಲ್ಲ! ಹೀಗಿರುವಾಗ ಯಾವ ಮಾತು ಹಿಡಿದುಕೊಂಡು ಜಗಳ ಆಡೋಣ? ತೆರೆ ನೋಡಿ. ಅಷ್ಟೇ.

ಈ ಸರಣಿಗೆ ಇಷ್ಟೊಂದು ಕವಲು ಬಂದದ್ದು ಹೇಗೆ ಅಂತ ಹೊಸಬರು ಕೇಳುತ್ತಾರೆ. ಕಾರಣ ಕಥೆಯೊಳಗೆ ಇಲ್ಲ, ಕಾಗದಪತ್ರದಲ್ಲಿದೆ. ಕ್ಯಾಮರೂನ್ ಮೊದಲ ಚಿತ್ರದ ಹಕ್ಕನ್ನು ನಿರ್ಮಾಪಕಿ ಗೇಲ್ ಆನ್ ಹರ್ಡ್ ಅವರಿಗೆ ಒಂದೇ ಒಂದು ಡಾಲರಿಗೆ ಕೊಟ್ಟರು, ತಾನೇ ನಿರ್ದೇಶನ ಮಾಡಬೇಕು ಅನ್ನುವ ಷರತ್ತಿನ ಮೇಲೆ. 1984ರಲ್ಲಿ, ಹಾಲಿವುಡ್ ಲೆಕ್ಕದಲ್ಲಿ ಬಹಳ ಸಣ್ಣ ಬಜೆಟ್ಟಿನಲ್ಲಿ, ಆ ಚಿತ್ರ ಬಂತು. ಎರಡನೆಯದಕ್ಕೆ ಕರೋಲ್ಕೊ ಕಂಪನಿ ಸುಮಾರು 10 ಕೋಟಿ ಡಾಲರ್ ಸುರಿಯಿತು. ಚಿತ್ರ ಭರ್ಜರಿಯಾಗಿ ಗೆದ್ದಿತು, ನಾಲ್ಕು ಆಸ್ಕರ್ ಬಂತು. ಆದರೆ 1995ರಲ್ಲಿ ಕರೋಲ್ಕೊ ದಿವಾಳಿ. ಆಮೇಲೆ ಹಕ್ಕು ಕೈಯಿಂದ ಕೈಗೆ ಹೋಯಿತು. ಸೈಟು ಮಾರಾಟವಾದ ಹಾಗೆ: ಹೊಸ ಮಾಲೀಕ ಬಂದ ತಕ್ಷಣ ಹಿಂದಿನವರು ಕಟ್ಟಿದ್ದನ್ನು ಒಡೆಸುತ್ತಾನೆ, ಅಡಿಪಾಯ ಮಾತ್ರ ಮುಟ್ಟುವುದಿಲ್ಲ. ಇಲ್ಲಿ ಅಡಿಪಾಯ ಮೊದಲ ಎರಡು ಚಿತ್ರ. ಅದಕ್ಕೇ ಎಲ್ಲ ಕವಲೂ ಅಲ್ಲಿಂದಲೇ ಹೊರಡುತ್ತವೆ.

ಚಿಕ್ಕ ಜಗಳಗಳನ್ನು ಬೇಗ ಮುಗಿಸುತ್ತೇನೆ. ಆರ್ನಾಲ್ಡ್ ಮಾಡಿದ ಯಂತ್ರವನ್ನು ಟಿ-800 ಅನ್ನಬೇಕೋ, ಮಾಡೆಲ್ 101 ಅನ್ನಬೇಕೋ? ಒಳಗಿನ ಅಸ್ಥಿಪಂಜರ 800, ಹೊರಗಿನ ಮುಖ 101 ಅನ್ನುವುದು ಅಭಿಮಾನಿಗಳು ಒಪ್ಪಿಕೊಂಡ ರಾಜಿಸೂತ್ರ. ಚೆನ್ನಾಗಿದೆ, ಇರಲಿ. ಆ ಯಂತ್ರದ ಕೆಂಪು ನೋಟದಲ್ಲಿ ಅಕ್ಷರಗಳು ಹರಿಯುತ್ತವಲ್ಲ, ಅದನ್ನು ನಿಲ್ಲಿಸಿ ನಿಲ್ಲಿಸಿ ಓದಿದವರಿದ್ದಾರೆ. ಅದು ಆಪಲ್ 2 ಕಂಪ್ಯೂಟರಿನ 6502 ಚಿಪ್ಪಿಗೆ ಬರೆದ ಪ್ರೋಗ್ರಾಂ, ನಡುವೆ ಒಂದಷ್ಟು ಕೋಬಾಲ್ ಅನ್ನುವ ಹಳೆಯ ಕಂಪ್ಯೂಟರ್ ಭಾಷೆ! ಬೆಂಗಳೂರಿನಲ್ಲಿ ಪ್ರೋಗ್ರಾಂ ಬರೆಯುವ ಗೆಳೆಯರೊಬ್ಬರಿಗೆ ಇದನ್ನು ತೋರಿಸಿದಾಗ ಅವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. 2029ರ ಕೊಲೆಗಾರ ಯಂತ್ರ ಓಡುತ್ತಿರುವುದು ಒಂದು ಕಾಲದ ಮನೆ ಕಂಪ್ಯೂಟರಿನ ಭಾಷೆಯಲ್ಲಿ.

ಇನ್ನು ಎರಡನೆಯ ಚಿತ್ರದಲ್ಲಿ ಜಾನ್‌ನನ್ನು ಕೊಲ್ಲಲು ಬರುವ ಯಂತ್ರ ಟಿ-1000. ಮೊದಲ ಚಿತ್ರದಲ್ಲಿ ಸಾರಾಳನ್ನು ಕಾಯಲು ಮುಂದಿನ ಕಾಲದಿಂದ ಬಂದ ಸೈನಿಕ ಕೈಲ್ ರೀಸ್ ಸ್ಪಷ್ಟವಾಗಿ ಹೇಳುತ್ತಾನೆ, ಜೀವ ಇಲ್ಲದ ವಸ್ತು ಕಾಲವನ್ನು ದಾಟಿ ಬರುವುದಿಲ್ಲ ಅಂತ. ಅದಕ್ಕೇ ಬಟ್ಟೆ ಇಲ್ಲ, ಬಂದೂಕು ಇಲ್ಲ. ಆರ್ನಾಲ್ಡ್ ಯಂತ್ರಕ್ಕೆ ಮೇಲೆ ಮಾಂಸದ ಹೊದಿಕೆ ಇದೆ, ಸರಿ. ರಾಬರ್ಟ್ ಪ್ಯಾಟ್ರಿಕ್ ಮಾಡಿದ ಯಂತ್ರ ಪೂರ್ತಿ ದ್ರವಲೋಹ. ಅದು ಹೇಗೆ ಬಂತು? ಮಾಂಸದ ಚೀಲದಲ್ಲಿ ಬಂತು ಅನ್ನುವವರಿದ್ದಾರೆ. ಅಂಥ ಚೀಲ ತೆರೆಯ ಮೇಲೆ ಎಲ್ಲೂ ಇಲ್ಲ. ಚಿತ್ರ ಅಲ್ಲಿ ಸುಮ್ಮನಿದೆ. ಅದು ಸುಮ್ಮನಿರುವ ಕಡೆ ನಾವೂ ಸುಮ್ಮನಿರೋಣ ಅನ್ನುವುದು ನನ್ನ ಮಾತು.

ದೊಡ್ಡ ಜಗಳ ಬೇರೆ ಇದೆ. ಮುಂದಾಗುವುದು ಮೊದಲೇ ಬರೆದಿಟ್ಟದ್ದೋ, ಬದಲಾಯಿಸಬಹುದೋ? ಮೊದಲನೆಯದರಲ್ಲಿ ಎಲ್ಲ ಚಕ್ರದ ಹಾಗೆ ಸುತ್ತಿಕೊಂಡಿದೆ, ಎರಡನೆಯದರಲ್ಲಿ ಚಕ್ರ ಮುರಿದಿದೆ, ಹಾಗಾಗಿ ಎರಡೂ ಹೊಂದುವುದಿಲ್ಲ ಅನ್ನುತ್ತಾರೆ. ಮೊದಲ ಚಿತ್ರದ ಫೋಟೋ ನೆನಪಿದೆ ಅಲ್ವಾ? ಯುದ್ಧದ ನಡುವೆ ಕೈಲ್ ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ಸಾರಾಳ ಫೋಟೋ. ಅದರಲ್ಲಿ ಅವಳ ಮುಖ ಸ್ವಲ್ಪ ಬಾಡಿದೆ. ಆ ಹೊತ್ತಿಗೆ ಅವಳು ಏನು ಯೋಚಿಸುತ್ತಿದ್ದಳೋ ಅಂತ ಅವನಿಗೆ ಸದಾ ಕುತೂಹಲ. ಕೊನೆಯ ದೃಶ್ಯದಲ್ಲಿ ಪೆಟ್ರೋಲ್ ಬಂಕಿನ ಹುಡುಗ ಆ ಫೋಟೋ ತೆಗೆಯುತ್ತಾನೆ. ಜೀಪಿನಲ್ಲಿ ಕೂತ ಸಾರಾ ಆಗ ಕೈಲ್ ಬಗ್ಗೆಯೇ ಟೇಪಿಗೆ ಹೇಳುತ್ತಿರುತ್ತಾಳೆ. ಅವನು ತಿಳಿಯಬೇಕು ಅಂದುಕೊಂಡಿದ್ದಕ್ಕೆ ಉತ್ತರ ಅವನೇ, ಆದರೆ ಅವನು ಆಗಲೇ ಸತ್ತಿದ್ದಾನೆ. ನನಗೆ ಇವತ್ತಿಗೂ ಆ ಜಾಗದಲ್ಲಿ ಗಂಟಲು ಕಟ್ಟುತ್ತದೆ.

ಇಷ್ಟು ಬಿಗಿಯಾಗಿ ಹೆಣೆದ ಚಿತ್ರದಲ್ಲೇ ಇನ್ನೊಂದು ಮಾತೂ ಇದೆ. ಜಾನ್ ಕಳಿಸಿದ ಸಂದೇಶವನ್ನು ಕೈಲ್ ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸುತ್ತಾನೆ. ಅದರಲ್ಲಿ, ಮುಂದಿನದು ಇನ್ನೂ ನಿಗದಿಯಾಗಿಲ್ಲ ಅಂತ ಇದೆ. ಎರಡನೆಯ ಚಿತ್ರದಲ್ಲಿ ಸಾರಾ ಚಾಕುವಿನಿಂದ ಮೇಜಿನ ಮೇಲೆ ಕೆತ್ತುವುದು ಇದನ್ನೇ. ಅಂದರೆ ಎರಡೂ ಮಾತು ಶುರುವಿನಿಂದಲೇ ಒಟ್ಟಿಗೆ ಇದ್ದವು. ಒಂದನ್ನು ಗೆಲ್ಲಿಸಲು ಇನ್ನೊಂದನ್ನು ಯಾಕೆ ಸೋಲಿಸಬೇಕು? ತೆರೆ ಎರಡನ್ನೂ ಇಟ್ಟುಕೊಂಡಿದೆ.

ಈಗ ನಿನ್ನೆಯ ಜಗಳಕ್ಕೆ ಬರುತ್ತೇನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ, ಕಾರ್ಯದರ್ಶಿಗಳು ಕ್ಷಮಿಸಬೇಕು.

ಸಾರಾಳನ್ನು ಕೂಡಿಹಾಕಿದ್ದ ಆಸ್ಪತ್ರೆಯಿಂದ ತಪ್ಪಿಸಿಕೊಂಡ ಮೇಲೆ ಸಾರಾ, ಜಾನ್, ಯಂತ್ರ ಮೂವರೂ ರಾತ್ರಿ ಒಂದು ಗ್ಯಾರೇಜಿನಲ್ಲಿ ಇರುತ್ತಾರೆ. ಹೊಸದೇನಾದರೂ ಕಲಿಯೋಕೆ ಆಗುತ್ತಾ ಅಂತ ಹುಡುಗ ಯಂತ್ರವನ್ನು ಕೇಳುತ್ತಾನೆ. 1991ರ ಆವೃತ್ತಿಯಲ್ಲಿ ಉತ್ತರ ನೇರ: ನನ್ನದು ಕಲಿಯುವ ಕಂಪ್ಯೂಟರ್, ಮನುಷ್ಯರ ಜೊತೆ ಇದ್ದಷ್ಟೂ ಕಲಿಯುತ್ತೇನೆ. ದೃಶ್ಯ ಅಲ್ಲಿಗೆ ಮುಂದೆ ಹೋಗುತ್ತದೆ. ಉದ್ದದ ಆವೃತ್ತಿಯಲ್ಲಿ ಇನ್ನೊಂದು ಮಾತು ಸೇರುತ್ತದೆ. ಒಂಟಿಯಾಗಿ ಕೆಲಸಕ್ಕೆ ಕಳಿಸುವಾಗ ಸ್ಕೈನೆಟ್ ಕಲಿಯುವ ಸ್ವಿಚ್ಚನ್ನು ಬಂದ್ ಮಾಡಿ ಕಳಿಸುತ್ತದೆ. ತನ್ನ ಆಳು ಜಾಸ್ತಿ ಯೋಚನೆ ಮಾಡುವುದು ಸ್ಕೈನೆಟ್‌ಗೂ ಬೇಡ!

ಸರಿ, ಆ ಸ್ವಿಚ್ಚು ಹಾಕಲು ಯಂತ್ರದ ತಲೆ ತೆರೆಯುತ್ತಾರೆ. ಕನ್ನಡಿಯ ಮುಂದೆ ಆರ್ನಾಲ್ಡ್ ಕೂತಿದ್ದಾರೆ, ಹಿಂದೆ ಸಾರಾ ನಿಂತು ತಲೆಬುರುಡೆಯ ಮುಚ್ಚಳ ತೆಗೆದು ಚಿಪ್ಪು ಎಳೆಯುತ್ತಾಳೆ. ಕನ್ನಡಿಯಲ್ಲೂ ಎಲ್ಲ ಕಾಣುತ್ತದೆ. ನಿನ್ನೆ ನೀವು ನೋಡಿದ್ದು ಕಂಪ್ಯೂಟರ್ ಚಮತ್ಕಾರ ಅಂದುಕೊಂಡಿರಾ? ಅಲ್ಲಿ ಕನ್ನಡಿಯೇ ಇಲ್ಲ! ಗೋಡೆಯಲ್ಲಿ ಖಾಲಿ ಚೌಕಟ್ಟು. ನಮ್ಮ ಕಡೆ ಇರುವುದು ಆರ್ನಾಲ್ಡ್ ಅವರ ಬೊಂಬೆ. ಅದರ ತಲೆ ಬಿಚ್ಚುತ್ತಿರುವವರು ಸಾರಾ ಪಾತ್ರ ಮಾಡಿದ ಲಿಂಡಾ ಹ್ಯಾಮಿಲ್ಟನ್ ಅವರ ಅವಳಿ ಸೋದರಿ ಲೆಸ್ಲಿ. ಚೌಕಟ್ಟಿನ ಆಚೆ, ಪ್ರತಿಬಿಂಬದ ಜಾಗದಲ್ಲಿ, ನಿಜವಾದ ಆರ್ನಾಲ್ಡ್, ನಿಜವಾದ ಲಿಂಡಾ. ಅಕ್ಕತಂಗಿಯರಿಬ್ಬರೂ ಕೈ ಎತ್ತುವುದು, ಇಳಿಸುವುದು, ಎಲ್ಲ ಒಂದೇ ಕಾಲಕ್ಕೆ ಆಗಬೇಕು. ಇಂಥ ಕೆಲಸವನ್ನು ಮಾಡಿ, ಚಿತ್ರೀಕರಿಸಿ, ಕೊನೆಗೆ ಕತ್ತರಿಸಿ ಪಕ್ಕಕ್ಕೆ ಇಟ್ಟರು. ಹೊಟ್ಟೆ ಉರಿಯುತ್ತದೆ ಸ್ವಾಮಿ! ಲೆಸ್ಲಿ ಕೊನೆಯಲ್ಲಿ ಉಕ್ಕಿನ ಕಾರ್ಖಾನೆಯಲ್ಲೂ ಇದ್ದಾರೆ, ಟಿ-1000 ಸಾರಾಳ ರೂಪ ತಾಳಿದಾಗ. ಆಸ್ಪತ್ರೆಯ ಕಾವಲುಗಾರನನ್ನು ಅದು ಅನುಕರಿಸುವಾಗ ಕಾಣುವವರೂ ಅವಳಿಗಳೇ, ಸ್ಟಾಂಟನ್ ಸೋದರರು. ಅವಳಿಗಳ ಬಗ್ಗೆ ಹೇಳುತ್ತಾ ಹೋದರೆ ಇಡೀ ಸಂಜೆ ಬೇಕು, ಇಲ್ಲಿಗೆ ಬಿಡುತ್ತೇನೆ.

ಚಿಪ್ಪು ಹೊರಗೆ ಬಂತು. ಯಂತ್ರ ಸತ್ತ ಹಾಗೆ ಕೂತಿದೆ. ಸಾರಾ ಚಿಪ್ಪನ್ನು ಮೇಜಿನ ಮೇಲೆ ಇಟ್ಟು ಸುತ್ತಿಗೆ ಎತ್ತುತ್ತಾಳೆ. ಜಾನ್ ಅಡ್ಡ ಬರುತ್ತಾನೆ. ಹತ್ತು ವರ್ಷದ ಹುಡುಗ ಹೇಳುತ್ತಾನೆ: ನಾನು ಮುಂದೆ ದೊಡ್ಡ ನಾಯಕ ಆಗಬೇಕು ಅನ್ನುತ್ತೀಯ, ನನ್ನ ಅಮ್ಮನೇ ನನ್ನ ಮಾತು ಕೇಳದಿದ್ದರೆ ಬೇರೆ ಯಾರು ಕೇಳುತ್ತಾರೆ? ಸಾರಾ ಸೋಲುತ್ತಾಳೆ. ಚಿಪ್ಪು ವಾಪಸ್ ಹೋಗುತ್ತದೆ. ಎಚ್ಚರವಾದ ಯಂತ್ರ ಕೇಳುತ್ತದೆ, ಏನಾದರೂ ತೊಂದರೆ ಆಯಿತಾ? ಏನಿಲ್ಲ, ಏನೇನೂ ಇಲ್ಲ ಅಂತ ಹುಡುಗ.

ಹೀಗೆ ಎರಡು ಆವೃತ್ತಿಯಲ್ಲಿ ಎರಡು ಬೇರೆ ಯಂತ್ರ ಆಗಿಬಿಟ್ಟಿತು. ಒಂದಕ್ಕೆ ಕಲಿಯುವುದು ಹುಟ್ಟುಗುಣ. ಇನ್ನೊಂದಕ್ಕೆ ಕಲಿಯಲು ಬಿಟ್ಟವರು ಮನುಷ್ಯರು. ಒಬ್ಬ ಹುಡುಗ ನಂಬಿದ, ಒಬ್ಬ ತಾಯಿ ಕೈ ತಡೆದಳು. ನಾನು ಎರಡನೆಯ ಪಕ್ಷ. ಯಾಕೆ ಅಂದರೆ ಕೊನೆಯ ದೃಶ್ಯ ನೋಡಿ. ಕುದಿಯುವ ಲೋಹದ ಮುಂದೆ ಜಾನ್ ಅಳುತ್ತಾ, ಹೋಗಬೇಡ, ಇದು ನನ್ನ ಆಜ್ಞೆ ಅನ್ನುತ್ತಾನೆ. ಅವನ ಮಾತು ಕೇಳಲೆಂದೇ ರೂಪಿಸಿದ ಯಂತ್ರ ಆ ಆಜ್ಞೆ ಮೀರುತ್ತದೆ. ಅದೇ ಉಸಿರಿನಲ್ಲಿ, ನನ್ನನ್ನು ನಾನೇ ಕೊನೆಗಾಣಿಸಲು ಆಗುವುದಿಲ್ಲ ಅಂತಲೂ ಹೇಳುತ್ತದೆ. ಒಂದು ಕಟ್ಟು ಹರಿದಿದೆ, ಇನ್ನೊಂದು ಹಾಗೇ ಇದೆ. ಅದು ಎಷ್ಟು ಕಲಿತಿದೆ ಅನ್ನುವುದರ ಪಕ್ಕಾ ಅಳತೆ ಅಲ್ಲಿದೆ. ಆಮೇಲೆ ಅದನ್ನು ಆ ಲೋಹಕ್ಕೆ ಇಳಿಸುವ ಸರಪಳಿಯ ಗುಂಡಿ ಒತ್ತುವವಳು ಯಾರು? ಸಾರಾ. ಸುತ್ತಿಗೆ ಎತ್ತಿದ್ದ ಸಾರಾ. ಅವತ್ತು ದ್ವೇಷದಿಂದ ಮಾಡಹೊರಟ ಕೆಲಸವನ್ನು ಇವತ್ತು ಗೌರವದಿಂದ ಮಾಡುತ್ತಾಳೆ. ಸುತ್ತಿಗೆಯ ದೃಶ್ಯ ತೆಗೆದುಬಿಟ್ಟರೆ ಈ ಕೈಗೆ ಅರ್ಧ ತೂಕ ಹೋಯಿತು.

ನಿನ್ನೆ ಇದಕ್ಕೆ ಒಬ್ಬರು ಒಳ್ಳೆಯ ಪ್ರಶ್ನೆ ಹಾಕಿದರು. "ಕತ್ತರಿಸಿದವರು ನಿರ್ದೇಶಕರೇ ತಾನೇ? ತೆರೆಯೇ ಸಾಕ್ಷಿ ಅನ್ನುವ ನೀವು ಬಿಸಾಕಿದ ದೃಶ್ಯ ಹೇಗೆ ತರುತ್ತೀರಿ?" ಸರಿಯಾದ ಪ್ರಶ್ನೆ. ಉತ್ತರ ಹೀಗೆ. 1993ರಲ್ಲಿ ಅದೇ ನಿರ್ದೇಶಕರು ಅದನ್ನು ಮತ್ತೆ ಜೋಡಿಸಿ, ಪೂರ್ತಿ ಚಿತ್ರವಾಗಿ ಜನರಿಗೆ ಕೊಟ್ಟರು. ಆಗ ಅದು ತೆರೆಗೆ ಬಂತು. ಮೊದಲ ಚಿತ್ರಕ್ಕೂ ಒಂದು ದೃಶ್ಯ ತೆಗೆದಿದ್ದರು: ಸಾರಾ ಪಾರಾದ ಕಾರ್ಖಾನೆ ಮುಂದೆ ಸ್ಕೈನೆಟ್ ಕಟ್ಟುವ ಸೈಬರ್‌ಡೈನ್ ಕಂಪನಿಯದೇ, ನಾಶವಾದ ಯಂತ್ರದಲ್ಲಿ ಉಳಿದ ಚಿಪ್ಪು ಅವರ ಕೈಗೆ ಸಿಗುತ್ತದೆ ಅಂತ. ಅದನ್ನು ಚಿತ್ರಕ್ಕೆ ವಾಪಸ್ ಸೇರಿಸಲಿಲ್ಲ. ಅದನ್ನು ನಾನು ಸಾಕ್ಷಿಯಾಗಿ ತರುವುದಿಲ್ಲ. ಬೇಕಾಗಿಯೂ ಇಲ್ಲ. ಎರಡನೆಯ ಚಿತ್ರದಲ್ಲಿ ಗಾಜಿನೊಳಗೆ ಆ ಯಂತ್ರದ ಕೈಯನ್ನೂ ಚಿಪ್ಪನ್ನೂ ತೋರಿಸಿಬಿಟ್ಟಿದ್ದಾರೆ.

ಐದು ನಿಮಿಷ ಅಂತ ಚೀಟಿ ಬಂತು. ಬರೆದುಕೊಂಡು ಬಂದದ್ದು ಇನ್ನೂ ಬಹಳ ಇದೆ, ಓಡಿಸುತ್ತೇನೆ.

2003ರ ಮೂರನೆಯ ಚಿತ್ರವನ್ನು ಜನ ಸುಮ್ನೆ ಬೈಯುತ್ತಾರೆ. ಅದರ ಕೊನೆ ಧೈರ್ಯದ ಕೊನೆ. ಯುದ್ಧ ತಪ್ಪಿಸಲು ಓಡಿದವರು ಬಂಕರಿಗೆ ಹೋಗಿ ನಿಂತಾಗ ಅಲ್ಲಿ ನಿಲ್ಲಿಸಬಹುದಾದ ಯಂತ್ರವೇ ಇಲ್ಲ. ಹೊರಗೆ ಬಾಂಬು ಬೀಳುತ್ತದೆ. ದೊಡ್ಡ ಬಜೆಟ್ಟಿನ ಚಿತ್ರ ಹಾಗೆ ಮುಗಿಯುವುದು ಅಪರೂಪ. 2009ರ 'ಸಾಲ್ವೇಶನ್' ಬಗ್ಗೆ ಹೇಳಲು ಹೊತ್ತಿಲ್ಲ. 2008ರಲ್ಲಿ ಶುರುವಾದ ಸಾರಾ ಕಾನರ್ ಟಿವಿ ಸರಣಿ ನೋಡದವರು ದಯವಿಟ್ಟು ನೋಡಿ. ಯಂತ್ರ ಕಲಿಯುವುದರ ಬಗ್ಗೆ ಅಷ್ಟು ತಾಳ್ಮೆಯಿಂದ ಬೇರೆ ಯಾರೂ ಯೋಚಿಸಿಲ್ಲ. ಎರಡೇ ಸೀಸನ್ನಿಗೆ ನಿಂತದ್ದು ನನಗೆ ದುಃಖ.

'ಡಾರ್ಕ್ ಫೇಟ್' ಒಂದನ್ನು ಹೇಳಿ ಮುಗಿಸುತ್ತೇನೆ. ಶುರುವಿನಲ್ಲೇ, 1998ರಲ್ಲಿ, ಯಂತ್ರವೊಂದು ಜಾನ್‌ನನ್ನು ಕೊಲ್ಲುತ್ತದೆ. ಎರಡನೆಯ ಚಿತ್ರದ ಶ್ರಮವೆಲ್ಲ ನೀರುಪಾಲು ಅಂತ ಅಭಿಮಾನಿಗಳು ಕೂಗಿದರು. ನನ್ನ ತಕರಾರು ಬೇರೆ. ಕೊಂದ ಆ ಯಂತ್ರಕ್ಕೆ ಆಮೇಲೆ ಆಜ್ಞೆ ಕೊಡುವವರಿಲ್ಲ. ಅದು ಟೆಕ್ಸಾಸಿನಲ್ಲಿ ಒಂದು ಹೆಣ್ಣಿಗೆ, ಅವಳ ಮಗನಿಗೆ ಆಸರೆಯಾಗಿ ನಿಲ್ಲುತ್ತದೆ, ಕಾರ್ಲ್ ಅಂತ ಹೆಸರಿಟ್ಟುಕೊಂಡು ಪರದೆಯ ವ್ಯಾಪಾರ ಮಾಡುತ್ತದೆ, ತಾನು ಏನು ಮಾಡಿದೆ ಅನ್ನುವುದು ನಿಧಾನಕ್ಕೆ ಅದಕ್ಕೆ ಅರ್ಥವಾಗುತ್ತದೆ. ಆರ್ನಾಲ್ಡ್ ಅದನ್ನು ಬಹಳ ಚೆನ್ನಾಗಿ ಮಾಡಿದ್ದಾರೆ. ಆದರೆ ಅದರ ಸ್ವಿಚ್ಚು ಹಾಕಿದವರು ಯಾರು? ಯಾರೂ ಇಲ್ಲ. ತಾನೇ ಕಲಿಯಿತು. ಅಂದರೆ 'ಡಾರ್ಕ್ ಫೇಟ್' ಮುಂದುವರಿಸಿರುವುದು 1991ರ ಆವೃತ್ತಿಯನ್ನು. ಉದ್ದದ ಆವೃತ್ತಿಗೆ ಅದು ಹೊಂದುವುದೇ ಇಲ್ಲ. ಯಾವ ಮುಂದುವರಿಕೆ ಅಸಲಿ ಅಂತ ಜಗಳ ಆಡುವವರು ಮೊದಲು ಯಾವ 'ಟರ್ಮಿನೇಟರ್ 2' ನಿಮ್ಮದು ಅಂತ ಹೇಳಬೇಕು. ಚಿಪ್ಪಿನ ದೃಶ್ಯ ಬೇಡ ಅನ್ನುವವರಿಗೆ ಕಾರ್ಲ್ ಸಹಜ. ಬೇಕು ಅನ್ನುವ ನನ್ನಂಥವರಿಗೆ ಕಾರ್ಲ್ ಒಪ್ಪಿಗೆಯಾಗುವುದು ಕಷ್ಟ.

ನಿನ್ನೆ ಪ್ರಶ್ನೆ ಕೇಳಿದವರು ಆಗಲೇ ಕೈ ಎತ್ತಿದ್ದಾರೆ, ಮುಖ ನೋಡಿದರೆ ಕಾರ್ಲ್ ಪಕ್ಷದವರೇ. ಮೈಕು ಅವರಿಗೆ ಕೊಡಿ.