ಒಂದು ಸಲಕ್ಕೆ ಒಂದೇ ಪ್ರಶ್ನೆ

ಶ್ರೋತೃಗಳಿಗೆ ನಮಸ್ಕಾರ. ಗಮನ ಕೊರತೆಯ ತೊಂದರೆ, ಅಂದರೆ ಎಡಿಎಚ್‌ಡಿ, ಚಿಕ್ಕಂದಿನಲ್ಲೇ ಶುರುವಾಗಿ ಎಷ್ಟೋ ಜನರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಅಂಥವರನ್ನು ಠಾಣೆಗೆ ಕರೆದಾಗ ನೆನಪಿಡಬೇಕಾದ್ದು ಒಂದೇ ಮಾತು: ಒಂದು ಸಲಕ್ಕೆ ಒಂದೇ ಪ್ರಶ್ನೆ.

ಕಲಬುರಗಿ ಗಂಜ್‌ನ ತೊಗರಿ ಅಂಗಡಿಯಲ್ಲಿ ಲೆಕ್ಕ ಬರೆಯುವವನೊಬ್ಬ ಅಂತ ಇಟ್ಟುಕೊಳ್ಳಿ. ಗಲ್ಲಾದ ದುಡ್ಡು ಕಳುವಾಗಿದೆ. "ನಿನ್ನಿ ಸಂಜಿಗಿ ಎಲ್ಲಿದ್ದಿ, ಜೋಡಿ ಯಾರಿದ್ರು, ಕೀಲಿ ಯಾರು ಹಾಕಿದ್ರು?" ಅಂತ ಕೇಳ್ತಾರೆ. ಇವನ ತಲೆಯಲ್ಲಿ ನಿಂತದ್ದು ಕೊನೆಯದು ಮಾತ್ರ. "ಮಾಲಕರು ಹಾಕಿದ್ರು, ಸಾಹೇಬ್ರ." "ಕೇಳಿದ್ದಕ್ಕ ಹೇಳವಲ್ಲಿ!" ಅಂತ ದನಿ ಏರುತ್ತದೆ. ಗಾಬರಿಗೆ "ಏಳಕ್ಕ ಹೋದೆರಿ" ಅಂತಾನೆ, ತಾಸಿನ ಮೇಲೆ ಕೇಳಿದರೆ "ಎಂಟಾಗಿತ್ರಿ". ಸುಳ್ಳಲ್ಲ, ಹೊತ್ತಿನ ಅಂದಾಜು ತಪ್ಪುವುದು ಈ ತೊಂದರೆಯದೇ ಗುಣ. ಹೊರಗೆ ಗಾಡಿ ಸದ್ದಾದರೆ ಕಣ್ಣು ಕಿಟಕಿಗೆ, ಕಾಲಂತೂ ಅಲ್ಲಾಡುತ್ತಲೇ ಇರುತ್ತದೆ. ನೋಡಿದವರಿಗೆ ಕಳ್ಳನ ಲಕ್ಷಣ. ಕೊನೆಗೆ ಮನೆಗೆ ಬಿಟ್ಟರೆ ಸಾಕು ಅಂತ ಎಲ್ಲದಕ್ಕೂ "ಹೌದ್ರಿ" ಅಂದುಬಿಡ್ತಾನೆ. ಅಪಾಯ ಇರುವುದು ಅಲ್ಲೇ.

"ಪಟಪಟ ಉತ್ತರ ಕೊಡು" ಅಂತ ಮನೆ ಹಿರಿಯರು ಹೇಳಿ ಕಳಿಸ್ತಾರಲ್ಲ, ದಯವಿಟ್ಟು ಅದನ್ನು ಬಿಡಿ. ಕೂತ ತಕ್ಷಣ ಹೇಳಬೇಕಾದ್ದು: "ಸಾಹೇಬ್ರ, ನನಗ ಗಮನದ ತೊಂದರಿ ಅದ, ಡಾಕ್ಟರ್ ಚೀಟಿ ತಂದೀನಿ. ಒಂದೊಂದಾಗಿ ಕೇಳ್ರಿ." ಕೇಳಿದ ಪ್ರಶ್ನೆಯನ್ನು ಒಮ್ಮೆ ತಿರುಗಿ ಹೇಳಿ, ಉಸಿರು ತಗೊಂಡು, ಆಮೇಲೆ ಉತ್ತರ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ", ಮರೆತದ್ದಕ್ಕೆ "ನೆನಪಿಲ್ಲ". ಅಂದಾಜಿನ ಮೇಲೆ ಗಂಟೆ ಹೇಳಬೇಡಿ. ಫೋನ್‌ಪೇ ಮೆಸೇಜು, ಕರೆಗಳ ಪಟ್ಟಿ, ಬಸ್ ಟಿಕೆಟ್ ನೋಡಿ ಆ ದಿನದ ಹೊತ್ತುಗಳನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ವಕೀಲರಿಗೆ ತೋರಿಸಿ.

ಈ ತೊಂದರೆಗೆ ಕೊಡುವ ಮಿಥೈಲ್‌ಫೆನಿಡೇಟ್ ಎಂಬ ಔಷಧಿಯ ಸಾದಾ ಮಾತ್ರೆಯ ಪ್ರಭಾವ ಮೂರ್ನಾಲ್ಕು ತಾಸಿಗೆ ಇಳಿಯುತ್ತದೆ. ಬೆಳಿಗ್ಗೆ ನುಂಗಿದವರು ಮಧ್ಯಾಹ್ನದ ವಿಚಾರಣೆಯಲ್ಲಿ ತಡವರಿಸುವುದು ಅದಕ್ಕೇ. ಮುಂದಿನ ಡೋಸಿನ ಹೊತ್ತಾದರೆ ಕೇಳಿ ತಗೊಳ್ಳಿ. ಮಾತ್ರೆ ಚೀಟಿಯ ಜೊತೆ, ಅದರ ಸ್ಟ್ರಿಪ್‌ನಲ್ಲೇ ಇರಲಿ, ಬಿಡಿಯಾಗಿ ಜೇಬಿನಲ್ಲಿ ಬೇಡ.

ಹೊತ್ತು ಕಡಿಮೆ ಉಳಿದಿದೆ, ಕಾನೂನು ಬೇಗ ಹೇಳಿಬಿಡ್ತೇನೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2023ರ ಕಲಂ 35(3)ರ ನೋಟಿಸ್, ಅಂದರೆ ಪೊಲೀಸರ ಮುಂದೆ ಹಾಜರಾಗಿ ಅಂತ ಕರೆಯುವ ಚೀಟಿ, ಬಂದರೆ ತಾರೀಖು ತಪ್ಪಿಸಬಾರದು, ತಪ್ಪಿದರೆ ಬಂಧಿಸಬಹುದು. ಈ ತೊಂದರೆಯಲ್ಲಿ ಮರೆವು ಇರುತ್ತದೆ, ಆದ್ದರಿಂದ ಮನೆಯವರೇ ಜೊತೆಗೆ ಹೊರಡಿ. ಬಂಧಿಸಿ ವಿಚಾರಿಸುವಾಗ ವಕೀಲರನ್ನು ಕಾಣುವ ಹಕ್ಕು ಕಲಂ 38ರಲ್ಲಿದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವರ ಸಹಿ ಪಡೆಯುವಂತಿಲ್ಲ, ಕಲಂ 181. ವಕೀಲರಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಂಖ್ಯೆ 15100. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಈ ನೆರವು ಸಿಗುತ್ತದೆ.